ಬರದ ಸೀಮೆಗೆ ವಿಮೆ ಏಕೆ ನಿಲ್ಲುವುದಿಲ್ಲ?

(ಜತ್ತ ತಾಲೂಕಿನ ಕಬ್ಬು ಬೆಳೆಗಾರ ಸಭಾಸದರ ಮೇಳಾವದಲ್ಲಿ ಕಾರಖಾನೆಯ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಹೋದ ವಾರ ಗಟ ಕಚೇರಿಯಲ್ಲಿ ಒಬ್ಬ ಹಿರಿಯ ಸಭಾಸದರು ನನ್ನನ್ನು ಕೇಳಿದರು: "ಸಾಹೇಬ್ರ, ಮಳಿ ಆದ ವರ್ಷ ವಿಮಾದವರು ರೊಕ್ಕ ತಗೊಂಡು ಹೋಗ್ತಾರ. ಬರ ಬಿತ್ತಂದ್ರ ಈ ಕಡೆ ಹಾಯೂದಿಲ್ಲ. ಇದೆಂಥಾ ವಿಮಾ?" ಪ್ರಶ್ನೆ ನ್ಯಾಯವಾದದ್ದು. ಇಂದು ಅದನ್ನೇ ನಿಮ್ಮ ಮುಂದೆ ಬಿಡಿಸಿ ಹೇಳುತ್ತೇನೆ.

ವಿಮೆ ದಾನವಲ್ಲ. ನೂರು ಜನ ಹಪ್ತೆ ತುಂಬುತ್ತಾರೆ. ಅದರಲ್ಲಿ ನಾಲ್ಕೈದು ಜನರಿಗೆ ಹಾನಿಯಾದರೆ ಎಲ್ಲರ ಗಂಟಿನಿಂದ ಅವರಿಗೆ ಕೊಡುತ್ತಾರೆ. ಬರ ಹಾಗಲ್ಲ. ಒಬ್ಬನ ಹೊಲ ಒಣಗಿತೆಂದರೆ ನೂರೂ ಜನರ ಹೊಲ ಒಣಗಿರುತ್ತದೆ. ಅದೂ ಮೇಲಿಂದ ಮೇಲೆ ಬಂದರೆ ಕಂಪನಿಯವರು ಹಪ್ತೆ ಏರಿಸುತ್ತಾರೆ, ಇಲ್ಲವೇ ಆ ಸೀಮೆಯನ್ನೇ ಬಿಡುತ್ತಾರೆ.

ನಮ್ಮ ರಾಜ್ಯದಲ್ಲೇ ಇದು ನಡೆದಿದೆ. ಬೀಡ ಜಿಲ್ಲೆಯೂ ನಮ್ಮ ಹಾಗೆ ಬರದ ಸೀಮೆ. 2020ರ ಖರೀಫ್ ಹಂಗಾಮಿನ ಬೆಳೆ ವಿಮೆಗೆ ಅಲ್ಲಿ ಟೆಂಡರ್ ಕರೆದಾಗ ಕಂಪನಿಗಳು ಮುಂದೆ ಬರಲಿಲ್ಲ. ಕೊನೆಗೆ ಸರಕಾರಿ ಒಡೆತನದ ಕೃಷಿ ವಿಮಾ ಕಂಪನಿ ಒಂದು ಕರಾರಿನ ಮೇಲೆ ಒಪ್ಪಿತು. ಪರಿಹಾರವು ಜಮೆಯಾದ ಹಪ್ತೆಯ ಶೇ. 110 ದಾಟಿದರೆ ಮೇಲಿನದನ್ನು ರಾಜ್ಯ ಸರಕಾರ ಕೊಡಬೇಕು, ಶೇ. 80ಕ್ಕಿಂತ ಕಡಿಮೆಯಾದರೆ ಕಂಪನಿ ಶೇ. 20 ಇಟ್ಟುಕೊಂಡು ಉಳಿದದ್ದನ್ನು ಸರಕಾರಕ್ಕೆ ಮರಳಿಸಬೇಕು. ಇದಕ್ಕೇ 'ಬೀಡ ಮಾದರಿ' ಎಂದು ಹೆಸರಾಯಿತು.

ಶ್ರೀಮಂತ ದೇಶಗಳೂ ಇದಕ್ಕೆ ಹೊರತಲ್ಲ. ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನ ಹಾನಿ, ಮನೆ ಕಟ್ಟುವ ಖರ್ಚು ಏರಿದ್ದರಿಂದ ಸ್ಟೇಟ್ ಫಾರ್ಮ್ ಎಂಬ ದೊಡ್ಡ ಕಂಪನಿ 2023ರ ಮೇ ತಿಂಗಳಲ್ಲಿ ಹೊಸ ಮನೆ ವಿಮೆ ಕೊಡುವುದನ್ನೇ ನಿಲ್ಲಿಸಿತು. ಅಲ್ಲಿ ಬೆಂಕಿ, ಇಲ್ಲಿ ಬರ, ಲೆಕ್ಕ ಒಂದೇ. ನಮ್ಮ ಮೈಸೂರು ಸಂಸ್ಥಾನದಲ್ಲಿದ್ದ ಜೆ. ಎಸ್. ಚಕ್ರವರ್ತಿ ಎಂಬವರು 1920ರಲ್ಲೇ ಬರಕ್ಕೆ ಮಳೆಯ ಲೆಕ್ಕದ ವಿಮೆ ಬೇಕೆಂದು ಪುಸ್ತಕ ಬರೆದಿದ್ದರು. ನೂರು ವರ್ಷ ಕಳೆದರೂ ಬರದ ಸೀಮೆಯಲ್ಲಿ ಸರಕಾರದ ಬೆನ್ನಾಸರೆ ಇಲ್ಲದೆ ವಿಮೆ ನಿಂತಿಲ್ಲ.

ಇನ್ನು ನಮ್ಮ ಮಾತು. ಮಹಾರಾಷ್ಟ್ರದಲ್ಲಿ 2023ರ ಖರೀಫಿನಿಂದ ಒಂದು ರೂಪಾಯಿಗೆ ಬೆಳೆ ವಿಮೆ ಇತ್ತು. 2025ರಲ್ಲಿ ಅದು ನಿಂತು, ಖರೀಫಿಗೆ ಶೇ. 2, ಹಿಂಗಾರಿಗೆ ಶೇ. 1.5, ನಗದು ಬೆಳೆಗಳಿಗೆ ಶೇ. 5 ಎಂದು ರೈತನ ಪಾಲು ಮರಳಿ ಬಂತು. ಆ ವರ್ಷದ ಖರೀಫ್ ಪಟ್ಟಿಯಲ್ಲಿ ಸಜ್ಜೆ, ಜೋಳ, ತೊಗರಿ, ಗೋವಿನಜೋಳ ಇದ್ದವು. ಕಬ್ಬು ಇರಲಿಲ್ಲ. ಅಂದರೆ ಕಬ್ಬು ಒಣಗಿದರೆ ಈ ಯೋಜನೆಯಿಂದ ಬಿಡಿಗಾಸೂ ಇಲ್ಲ. ಕಬ್ಬಿಗೆ ವಿಮೆ ನಿಮ್ಮ ಬಾವಿಯ ನೀರೇ.

ನನ್ನ ತಪ್ಪೊಂದನ್ನೂ ಹೇಳಬೇಕು. 2012ರ ಬರಕ್ಕೆ ಮುಂಚೆ, ಹೊಸ ಹುರುಪಿನಲ್ಲಿ, ಒಬ್ಬ ಸಭಾಸದರಿಗೆ ಎರಡು ಎಕರೆ ಇದ್ದ ಕಬ್ಬನ್ನು ನಾಲ್ಕು ಎಕರೆ ಮಾಡಿಸಿದೆ. ಚೈತ್ರದಲ್ಲಿ ಬಾವಿ ತಳ ಕಂಡಿತು. ನಾಲ್ಕೂ ಎಕರೆ ಕಬ್ಬು ಕಾರಖಾನೆಗೆ ಬರಲಿಲ್ಲ. ದನಗಳ ಛಾವಣಿಗೆ ಮೇವಾಗಿ ಹೋಯಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಆದ್ದರಿಂದ, ಕಬ್ಬಿನ ಕ್ಷೇತ್ರ ಹೆಚ್ಚಿಸುವುದೇ ನನ್ನ ನೌಕರಿಯಾದರೂ, ಇಷ್ಟು ವಿನಂತಿ:

ಒಂದು, ಮಳೆಗಾಲದ ಬಾವಿ ನೋಡಿ ಕಬ್ಬು ಹಚ್ಚಬೇಡಿರಿ. ಏಪ್ರಿಲ್, ಮೇ ತಿಂಗಳ ನೀರು ಎಷ್ಟು ಎಕರೆಗೆ ಸಾಕೋ ಅಷ್ಟೇ ಹಚ್ಚಿರಿ. ಮ್ಹೈಸಾಳದ ನೀರು ಬರುವ ಊರಿನವರೂ ಪಾಳಿ ತಡವಾದರೆ ಏನು ಗತಿ ಎಂದು ಎಣಿಸಿರಿ.

ಎರಡು, ರವದಿ ಸುಡಬೇಡಿರಿ. ಕುಳೆ ಕಬ್ಬಿನ ಸಾಲಿನಲ್ಲಿ ಹಾಸಿರಿ. ನೆಲದ ಹಸಿ ಆರದಂತೆ ಕಾಯುತ್ತದೆ. ಸಾಧ್ಯವಿದ್ದವರು ಹನಿ ನೀರಾವರಿ ಮಾಡಿರಿ.

ಮೂರು, ಜೋಳ, ಸಜ್ಜೆ, ತೊಗರಿಗೆ ಸ್ವಲ್ಪ ಹೊಲ ಬಿಡಿರಿ. ಆ ಬೆಳೆಗೆ ವಿಮೆ ಮುದತಿನೊಳಗೆ ತುಂಬಿ ಪಾವತಿ ಜೋಪಾನವಾಗಿಡಿರಿ. ಈ-ಪೀಕ ಪಹಣಿಯಲ್ಲಿ ಹೊಲದಲ್ಲಿರುವ ಬೆಳೆಯನ್ನೇ ದಾಖಲು ಮಾಡಿಸಿರಿ. ಬೆಳೆ ಒಂದು, ದಾಖಲೆ ಇನ್ನೊಂದು ಆದರೆ ಪರಿಹಾರ ಸಿಗುವುದಿಲ್ಲ.

ನಾಲ್ಕು, ಕಬ್ಬಿನ ಬಿಲ್ಲು ಬಂದಾಗ ಟನ್ನಿಗೆ ಇಷ್ಟೆಂದು ತೆಗೆದು ಸೊಸೈಟಿಯಲ್ಲಿ ಬೇರೆ ಠೇವು ಇಡಿರಿ. ಬರದ ವರ್ಷದ ಹೊರತು ಅದನ್ನು ಮುಟ್ಟಬೇಡಿರಿ.

ಕಂಪನಿಗೆ ಲಾಭವಿಲ್ಲದಿದ್ದರೆ ಊರು ಬಿಟ್ಟು ಹೋದೀತು. ನಾವು ಬಿಟ್ಟು ಹೋಗುವ ಹಾಗಿಲ್ಲ. ಬರುವ ಹಂಗಾಮಿಗೆ ಕಬ್ಬಿನ ನೋಂದಣಿಗೆ ಬರುವಾಗ ಬಾವಿಯ ಬೇಸಿಗೆ ನೀರಿನ ಲೆಕ್ಕವನ್ನೂ ತನ್ನಿರಿ. ನಾನು ಮೊದಲು ಅದನ್ನೇ ಕೇಳುತ್ತೇನೆ.