ಹೊರಗ ಬಿಸಿಲು, ಮನ್ಯಾಗ ಸಾಲಿ

ವಾಡಿಯಿಂದ ಮಾತಾಡ್ತಿದ್ದೀನಿ. ಬೆಳಿಗ್ಗೆ ಒಂಬತ್ತಕ್ಕೇ ಫ್ಯಾನ್ ಗಾಳಿ ಬಿಸಿ ಆಗ್ಯದ ಅಂದ್ರೆ ನಮ್ಮ ಕಡೆ ಬ್ಯಾಸಿಗಿ ಬಂತು ಅಂತ ಲೆಕ್ಕ. ರೆಕಾರ್ಡಿಂಗ್‌ದಾಗ ಸದ್ದು ಬರ್ತದ ಅಂತ ಆ ಫ್ಯಾನೂ ಬಂದ್ ಮಾಡೀನಿ. ಹಿಂಗಾಗಿ ಜಲ್ದಿ ಹೇಳಿ ಮುಗಿಸ್ತೀನಿ.

ನನಗ ಇಬ್ಬರು ಮಕ್ಕಳು. ಮಗಳಿಗೆ 13, ಮಗನಿಗೆ 9. ಇಬ್ಬರೂ ಸಾಲಿಗೆ ಹೋಗಂಗಿಲ್ಲ, ಮನ್ಯಾಗೇ ಕಲೀತಾರ. ಹೋಂಸ್ಕೂಲಿಂಗ್ ಅಂದ್ರೆ ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಮಾಡೋದು ಅಂತ ನಾನೂ ಅಂದ್ಕೊಂಡಿದ್ದೆ. ನಮ್ಮದು ವಿಚಾರ ಮಾಡಿ ಶುರು ಮಾಡಿದ್ದಲ್ಲ. 2020ರ ಮಾರ್ಚ್ 10ಕ್ಕೆ ದೇಶದ ಮೊದಲ ಕೋವಿಡ್ ಸಾವು ಆಗಿದ್ದು ನಮ್ಮ ಕಲಬುರಗಿಯಲ್ಲೇ, ನೆನಪಿರಬೇಕು ನಿಮಗ. ಸಾಲಿ ಮುಚ್ಚಿದ್ವು. ರಾಜ್ಯದಲ್ಲಿ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್‌ನಲ್ಲಿ. ಆಗ ಮಗಳ ಸಾಲಿಯವರು, ಹೆಸರು ಬ್ಯಾಡ, ಮುಚ್ಚಿದ್ದ ದಿನದ್ದೂ ಸೇರಿಸಿ ಫೀ ಒಮ್ಮೆಗೇ ಕೇಳಿದರು. ಟಿಸಿ ಕೇಳಿದ್ರ ಮೊದಲು ರೊಕ್ಕ ಅಂದರು. ಒಂದು ವರ್ಷ ಮನ್ಯಾಗೇ ಓದ್ಲಿ ಅಂದ್ಕೊಂಡ್ವಿ. ಒಂದು ಹೋಗಿ ಮೂರಾಯ್ತು. ಖರೇ ಹೇಳಬೇಕಂದ್ರ, ನಡುವೆ ನನಗ ಅದು ರುಚಿ ಹತ್ತಿತು.

ಬ್ಯಾಸಿಗಿ ದಿನ ಹೆಂಗಿರ್ತದ ಅಂತ ಹೇಳ್ತೀನಿ. ನಮ್ಮ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಆಫೀಸೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೀತಾವ. ನಮ್ಮ ಸಾಲಿ ಅದಕ್ಕೂ ಮೊದಲು. ಐದೂವರೆಗೆ ಮಾಳಿಗಿ ಮ್ಯಾಲೆ ಹಾಸಿಗಿ ಸುತ್ತಿ ಅಲ್ಲೇ ಓದು. ಬಿಸಿಲು ಗೋಡೆ ದಾಟಿ ಒಳಗ ಬಂತಂದ್ರ ಕೆಳಗ ಇಳೀತೀವಿ. ನಾನು ಜ್ವಾಳದ ರೊಟ್ಟಿ ಬಡೀತಾ ಇದ್ರ, ಮಗ ಪಕ್ಕದಾಗ ಕೂತು ಮಗ್ಗಿ ಹೇಳ್ತಾನ. ರೊಟ್ಟಿ ಸಪ್ಪಳಕ್ಕ ತಾಳ ಸೇರಿಸಿ ಹೇಳೋದು, ಹದಿನೇಳರ ಮಗ್ಗಿಗೆ ಬಂದಾಗ ಮಾತ್ರ ತಾಳ ತಪ್ತದ.

ಆಮೇಲೆ ನೆಲ. ನಮ್ಮ ಮನೆಗೆ ಶಹಾಬಾದ್ ಪರ್ಸಿ ಹಾಕ್ಯಾರ. ಟೈಲ್ಸ್ ಹಾಕಿಸ್ರಿ ಅಂತ ಬಂದವರೆಲ್ಲಾ ಹೇಳ್ತಾರ, ನಾ ಒಪ್ಪಿಲ್ಲ. ಈ ಕಲ್ಲೇ ನಮ್ಮ ಬೋರ್ಡು. ಚಾಕ್‌ಪೀಸ್ ತಗೊಂಡು ನೆಲದ ಮ್ಯಾಲೇ ಲೆಕ್ಕ ಮಾಡ್ತಾರ, ಒದ್ದೆ ಅರಿವಿಲೆ ಒರೆಸಿದ್ರ ಲೆಕ್ಕವೂ ಹೋಗ್ತದ, ಕೋಣೆನೂ ತಂಪಾಗ್ತದ. ಹತ್ತು ಅಡಿ, ಹನ್ನೆರಡು ಅಡಿ ಕೋಣೆ. ಎರಡಡಿ ಚೌಕದ ಪರ್ಸಿ ಎಷ್ಟು ಬೇಕು ಅಂದೆ. ಮಗಳು 30 ಅಂದ್ಳು. ಮಗ ಎಣಿಸಿಕೊಂಡು ಬಂದು, ಇಲ್ಲ ಅವ್ವಾ, 36 ಅದಾವ ಅಂದ. ಗೋಡೆ ಅಂಚಿಗೆ ಅರ್ಧ ಕಟ್ ಮಾಡಿ ಹಾಕಿದ್ದು ಅವನ ಲೆಕ್ಕಕ್ಕ ಬಂದಿತ್ತು, ನನಗ ಬಂದಿರಲಿಲ್ಲ. ಇಬ್ಬರದೂ ಸರಿ ಅಂತ ಒಪ್ಪಿಸೋದ್ರಾಗ ಅರ್ಧ ದಿನ ಹೋಯ್ತು.

ಭೂಗೋಳಕ್ಕ ರೈಲು ಅದಾವ. ಜಂಕ್ಷನ್ ಊರು ನಮ್ಮದು. ಒಂದು ಹಳಿ ಶಹಾಬಾದ್, ಕಲಬುರಗಿ ದಾಟಿ ಮುಂಬೈ ಕಡೆ, ಒಂದು ರಾಯಚೂರು ದಾಟಿ ಚೆನ್ನೈ ಕಡೆ, ಇನ್ನೊಂದು ಚಿತ್ತಾಪುರ, ಸೇಡಂ, ತಾಂಡೂರು ಮ್ಯಾಲಿಂದ ಹೈದರಾಬಾದ್‌ಗೆ. ಪ್ಲಾಟ್‌ಫಾರ್ಮಿನಾಗ ಹತ್ತು ನಿಮಿಷ ನಿಂತ್ರ ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಕಿವಿಗೆ ಬೀಳ್ತಾವ. ನನ್ನ ತವರು ಚಿಂಚೋಳಿ ಕಡೆ, ಅಲ್ಲಿ ಹೋದ್ರ ಚಂದ್ರಂಪಳ್ಳಿ ಡ್ಯಾಮು, ಕಾಡು. ಮಧ್ಯಾಹ್ನ ಹನ್ನೆರಡರಿಂದ ಐದರ ತನಕ ಮಾತ್ರ ಏನೂ ಕಲಿಸಂಗಿಲ್ಲ. ಮಜ್ಜಿಗಿ, ನಿದ್ದಿ, ಕರೆಂಟ್ ಇದ್ರ ಮೊಬೈಲ್.

ಓಣಿಯವರ ಪ್ರಶ್ನೆ ಮುಗಿಯಂಗಿಲ್ಲ. ಯಾಕ ಸಾಲಿ ಬಿಡಿಸಿದ್ರಿ, ರೊಕ್ಕ ಕಡಿಮಿ ಆಯ್ತೇನ್ರೀ? ನಮ್ಮ ಅತ್ತಿಯವರೇ ಒಮ್ಮೆ ಅಂದರು: "ನೀ ಸಾಲಿಗೆ ಹೋಗಿದ್ದಿ ಅಂತ ನಿನಗ ಕಲಿಸಾಕ ಬರ್ತದ. ಇವಳು ನಾಳೆ ತನ್ನ ಮಕ್ಕಳಿಗೆ ಏನಂತ ಹೇಳ್ಯಾಳು?" ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ.

ಏಪ್ರಿಲ್ ಎರಡನೇ ವಾರ ಸಾಲಿಗೆಲ್ಲಾ ಸೂಟಿ ಬಿಡ್ತಾವ. ವರ್ಷಪೂರ್ತಿ ನನ್ನ ಮಕ್ಕಳಷ್ಟೇ ಹಗಲೊತ್ತು ಮನ್ಯಾಗ ಇರ್ತಾರ, ಸೂಟಿ ಬಿಟ್ಟ ಮ್ಯಾಲೆ ಎಲ್ಲರೂ ಇರ್ತಾರ. ನಮ್ಮ ಪರ್ಸಿ ನೆಲ ತಂಪು ಅಂತ ಓಣಿ ಹುಡುಗರೆಲ್ಲಾ ನಮ್ಮಲ್ಲೇ. ಮಗನಿಗೆ ಹಬ್ಬ. ಮಗಳು ಈ ವರ್ಷ ಸುಮ್ಮನಾಗ್ಬಿಟ್ಳು. ಹುಡುಗಿಯರು ತಮ್ಮ ಸರ್ ಹೆಂಗ ಬೈತಾರ, ಗ್ಯಾದರಿಂಗ್‌ನಾಗ ಯಾರು ಡ್ಯಾನ್ಸ್ ಮಾಡಿದ್ರು ಅಂತ ನಗ್ತಿದ್ರ, ಇವಳು ಗೋಡೆಗೆ ಆತು ಕೂತು ಪುಸ್ತಕದ ಒಂದೇ ಪುಟ ನೋಡ್ತಿದ್ಳು. ಎರಡು ದಿನ ನೋಡಿದೆ. ಸಿಟ್ಟು ಬಂತು, ಅವಳ ಮ್ಯಾಲಲ್ಲ.

ಒಂದು ಭಾನುವಾರ ನಸುಕಿಗೇ ಚಿತ್ತಾಪುರದ ಹತ್ರ ನಾಗಾವಿಗೆ ಹೋದ್ವಿ. ಕೇಳಿರಲಿಕ್ಕಿಲ್ಲ ನೀವು. ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡ ವಿದ್ಯಾಕೇಂದ್ರ, ಘಟಿಕಾಸ್ಥಾನ. 1058ರ ಶಾಸನದಲ್ಲಿ ವೇದ ಓದೋರು 200, ಶಾಸ್ತ್ರ ಓದೋರು 50 ಅಂತ ಲೆಕ್ಕ ಅದ. ಪುಸ್ತಕ ಕಾಯೋಕೆ ಆರು ಮಂದಿ ಸರಸ್ವತೀ ಭಂಡಾರಿಗರು. ಅಂದ್ರೆ ಇವತ್ತಿನ ಲೈಬ್ರೆರಿಯನ್! ಸಾವಿರ ವರ್ಷದ ಹಿಂದಿನ ಲೈಬ್ರರಿ ಅಂತ ನಾ ಖುಷಿಯಿಂದ ಹೇಳ್ತಿದ್ದೆ. ಮಗಳು ಕಂಬಕ್ಕ ಕೈ ಇಟ್ಟು ಕೇಳಿದ್ಳು, "ಅವ್ವಾ, 250 ಮಂದಿ ಕೂಡೇ ಓದ್ತಿದ್ರಾ?" ಹೌದಂದೆ. "ನಾ ಮಾತ್ರ ಯಾಕ ಒಬ್ಬಾಕೀನೇ ಓದ್ಲಿ?" ಅಂದ್ಳು.

ಬಿಸಿಲು ಏರೋದ್ರಾಗ ವಾಪಸ್ ಬಂದ್ವಿ. ದಾರಿಯಾಗ ಯಾರೂ ಮಾತಾಡಲಿಲ್ಲ.

ಆ ರಾತ್ರಿ ನಾನು, ನಮ್ಮನೆಯವರು ಮಾಳಿಗಿ ಮ್ಯಾಲೆ ಕೂತು ಮೊಬೈಲ್‌ನಾಗ ಶಿಕ್ಷಣ ಹಕ್ಕು ಕಾಯ್ದೆ ಓದಿದ್ವಿ. 2009ರದ್ದು. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸ್ತದ. ನಡುವೆ ಬಿಟ್ಟ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸ್ಕೋಬೇಕು, ಹಿಂದಿದ್ರ ವಿಶೇಷ ತರಬೇತಿ ಕೊಡಬೇಕು. ಟಿಸಿ ತಡ ಆಯ್ತು ಅಂತ ಪ್ರವೇಶ ನಿಲ್ಲಿಸೋ ಹಂಗಿಲ್ಲ. ಇಷ್ಟು ವರ್ಷ ಆ ಟಿಸಿಗೆ ಹೆದರಿ ಕೂತಿದ್ದೆ ನೋಡ್ರಿ! ಮಗಳಿಗೆ 14 ಆಗೋಕೆ ಇನ್ನು ಕೆಲವೇ ತಿಂಗಳು. ಹಾದಿ ಇದೊಂದೇ ಅಂತಲ್ಲ, ಮುಕ್ತ ಶಾಲೆ ಎನ್‌ಐಒಎಸ್‌ನಿಂದ ಹತ್ತನೇ ತರಗತಿ ಪರೀಕ್ಷೆ ಮನ್ಯಾಗಿದ್ದೇ ಬರೀಬಹುದು. ನನ್ನ ಪ್ಲಾನ್ ಅದೇ ಇತ್ತು. ಆದ್ರ ಎನ್‌ಐಒಎಸ್ ಸರ್ಟಿಫಿಕೇಟ್ ಕೊಡ್ತದ, ಪಕ್ಕದಾಗ ಕೂಡೋ ಗೆಳತಿ ಕೊಡಂಗಿಲ್ಲ.

ಮೇ ಕೊನೆಗೆ ಸಾಲಿ ತೆರೀತಾವ. ಸರ್ಕಾರಿ ಹೈಸ್ಕೂಲಿನಾಗ ಎಂಟನೇ ತರಗತಿಗೆ ಕೇಳೋಣ ಅಂತ ಮಾಡೀವಿ. ಆಧಾರ್, ಜನನ ಪ್ರಮಾಣಪತ್ರ ಒಂದು ಪ್ಲಾಸ್ಟಿಕ್ ಕವರಿನಾಗ ಹಾಕಿ ಇಟ್ಟಾಳ, ದಿನಾ ತೆಗೆದು ನೋಡ್ತಾಳ. ಗಣಿತಕ್ಕ ಹೆದರಿಕಿಲ್ಲ ಅಕೀಗೆ. ಬೆಂಚಿನ ಮ್ಯಾಲೆ ಇಡೀ ದಿನ ಕೂಡೋದಕ್ಕ ಹೆದರ್ಯಾಳ. ಮಗ ಅಂತೂ ಸಾಲಿ ಬ್ಯಾಡ ಅಂತಾನ, ಅವನ ಮಾತು ಮುಂದಿನ ಬ್ಯಾಸಿಗಿಗೆ ನೋಡೋಣ.

ಫ್ಯಾನ್ ಹಚ್ಚಲಾ ಅಂತ ಹೊರಗಿಂದ ಕೇಳ್ತಿದ್ದಾನ. ಹಚ್ಚಪ್ಪಾ. ಮುಂದಿನ ವಾರ ಸಿಗೋಣ್ರೀ.