ಹಲ್ಲೂ ಒಂದು ಸಾಕ್ಷಿ
(ಪೆರೇಸಂದ್ರದಲ್ಲಿ ಸ್ತ್ರೀಶಕ್ತಿ ಸಂಘದ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದವಳು ಹಲ್ಲಿನ ಬಗ್ಗೆ ಮಾತಾಡಲು ಬಂದಿದ್ದೇನೆ. ಕಾರಣ, ನಾನೇ ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಓಡಿಬಂದಳು. ತವರಿನಿಂದ ಬೈಕಿನ ಹಣ ಬಂದಿರಲಿಲ್ಲ. ಗಂಡನ ಏಟಿಗೆ ಮುಂದಿನ ಹಲ್ಲು ಬೇರುಸಹಿತ ಕಿತ್ತು ಬಂದಿತ್ತು. ಅದನ್ನು ಮುಷ್ಟಿಯಲ್ಲೇ ಹಿಡಿದಿದ್ದಳು. ನಾನು ಅದನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ಒಣಬಟ್ಟೆಯಲ್ಲಿ ಸುತ್ತಿಟ್ಟೆ. ಆಸ್ಪತ್ರೆಗೆ ಹೋದದ್ದು ಮರುದಿನ. "ಆಗಲೇ ಹಾಲಿನಲ್ಲಿ ಹಾಕಿಕೊಂಡು ಬಂದಿದ್ದರೆ ಉಳಿಸಲು ನೋಡಬಹುದಿತ್ತಮ್ಮ" ಎಂದರು ದಂತವೈದ್ಯರು. ಅವಳ ಮನೆಯಲ್ಲೇ ಎರಡು ಹಸುಗಳಿದ್ದವು!

ಹಲ್ಲಿನ ಬೇರಿನ ಮೇಲೆ ಜೀವವಿರುವ ತೆಳುಪೊರೆ ಇರುತ್ತದೆ. ಮತ್ತೆ ಕೂರಿಸಿದಾಗ ಹಲ್ಲನ್ನು ಹಿಡಿಯುವುದು ಅದೇ. ಒಣಗಿದರೆ ಒಂದು ಗಂಟೆಯೊಳಗೆ ಅದು ಸಾಯುತ್ತದೆ. ತಿಕ್ಕಿದರೂ ಹಾಳು, ನೀರಿನಲ್ಲಿ ನೆನೆಹಾಕಿದರೂ ಹಾಳು. ಆದ್ದರಿಂದ ಬೇರು ಮುಟ್ಟದೆ, ಹೊರಗೆ ಕಾಣುವ ಬಿಳಿ ಭಾಗವನ್ನೇ ಹಿಡಿಯಿರಿ. ಮಣ್ಣಾಗಿದ್ದರೆ ಹಾಲಿನಲ್ಲಿ ಒಮ್ಮೆ ಅದ್ದಿ, ಅದರ ಜಾಗಕ್ಕೇ ಮೆಲ್ಲನೆ ಕೂರಿಸಿ, ಬಟ್ಟೆ ಕಚ್ಚಿ ಹಿಡಿದು ಹೊರಡಿ. ಧೈರ್ಯ ಬಾರದಿದ್ದರೆ ಆರಿದ ಹಾಲಿನ ಲೋಟದಲ್ಲಿ ಹಾಕಿ ತನ್ನಿ. ವೈದ್ಯರು ಪಕ್ಕದ ಹಲ್ಲುಗಳಿಗೆ ಸೇರಿಸಿ ಸುಮಾರು ಎರಡು ವಾರ ಕಟ್ಟುತ್ತಾರೆ, ಬೇರಿನ ನಾಳದ ಚಿಕಿತ್ಸೆಯನ್ನೂ ಮಾಡುತ್ತಾರೆ. ಮಕ್ಕಳ ಹಾಲುಹಲ್ಲು ಬಿದ್ದರೆ ಮಾತ್ರ ಮತ್ತೆ ಕೂರಿಸಬಾರದು. ಚೂರು ಮುರಿದಿದ್ದರೆ ಆ ಚೂರನ್ನೂ ಬಿಸಾಡಬೇಡಿ, ಅಂಟಿಸಲು ಬರುತ್ತದೆ. ಪ್ರಜ್ಞೆ ತಪ್ಪಿದ್ದರೆ, ದವಡೆ ಮುಚ್ಚಲಾಗದಿದ್ದರೆ, ಹಲ್ಲಿನ ಚಿಂತೆ ಆಮೇಲೆ; ಮೊದಲು ದೊಡ್ಡಾಸ್ಪತ್ರೆ.

ನನ್ನ ತಪ್ಪು ಅಲ್ಲಿಗೇ ಮುಗಿಯಲಿಲ್ಲ. "ಹೇಗಾಯಿತು?" ಎಂದು ವೈದ್ಯರು ಕೇಳಿದಾಗ ಅವಳು "ಬಚ್ಚಲಲ್ಲಿ ಜಾರಿಬಿದ್ದೆ" ಎಂದಳು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ನಾನೂ ನಿಂತಿದ್ದೆ, ಬಾಯಿ ಬಿಡಲಿಲ್ಲ. ಸಂಸಾರ ಉಳಿಯಲಿ ಎಂದುಕೊಂಡೆ. ಎಂ.ಎ. ಓದಿದವಳ ಬುದ್ಧಿ ಅಷ್ಟೇ! ಚೀಟಿಯಲ್ಲೂ ಹಾಗೆಯೇ ಬರೆದರು. ಮುಂದೆ ಅವಳು ದೂರು ಕೊಡಲು ಹೊರಟಾಗ ಎದುರಿಗೆ ಬಂದದ್ದು ಅದೇ ಚೀಟಿ.

ಕಾನೂನಿಗೆ ಹಲ್ಲು ಸಣ್ಣದಲ್ಲ. ಹಲ್ಲು ಮುರಿಯುವುದು, ಕಿತ್ತು ಬರುವುದು ಭಾರತೀಯ ದಂಡ ಸಂಹಿತೆಯ 320ನೇ ಕಲಮಿನಲ್ಲೇ ಮೂಳೆ ಮುರಿತದ ಜೊತೆಗೆ 'ತೀವ್ರ ಗಾಯ'ವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲೂ ಹಾಗೆಯೇ ಇದೆ. ಬೇಕೆಂದೇ ಇಂಥ ಗಾಯ ಮಾಡಿದವನಿಗೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಗಂಡನಿಗೆ ಇದರಲ್ಲಿ ರಿಯಾಯಿತಿ ಇಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ, 2005ರಡಿ ಚಿಕಿತ್ಸೆಯ ಖರ್ಚನ್ನೂ ಅವನಿಂದ ಕೇಳಬಹುದು.

ಆದ್ದರಿಂದ ವೈದ್ಯರ ಹತ್ತಿರ ಒಬ್ಬಳೇ ಮಾತಾಡಬೇಕೆಂದು ಹೇಳಿ. ಯಾರು ಹೊಡೆದರು, ಯಾವುದರಿಂದ, ಎಷ್ಟು ಹೊತ್ತಿಗೆ ಎಂಬುದನ್ನು ಬರೆಸಿ, ಪ್ರತಿ ಇಟ್ಟುಕೊಳ್ಳಿ. ಅದನ್ನು ಮನೆಯಲ್ಲಿಡಬೇಡಿ, ನಂಬಿಕೆಯ ಗೆಳತಿಯ ಹತ್ತಿರವಿರಲಿ. ಊದಿದ ಮುಖದ ಫೋಟೋ ತೆಗೆಸಿ. ಅಪಾಯವೆನಿಸಿದರೆ 112ಕ್ಕೆ ಫೋನ್ ಮಾಡಿ. ಮತ್ತೆ, ಜೊತೆಗೆ ಹೋದ ನೆರೆಯವರೇ, ಅವಳು ಜಾರಿಬಿದ್ದೆ ಎಂದಾಗ ಅತ್ತೆಯನ್ನು ಯಾವುದಾದರೂ ನೆಪ ಹೇಳಿ ಹೊರಗೆ ಕರೆದುಕೊಂಡು ಹೋಗಿ. ನಾನು ಮಾಡದೆ ಬಿಟ್ಟದ್ದು ಅದೇ.

ಈಗ ನೀವು ಕೇಳಿ. ತೆಲುಗಿನಲ್ಲಿ ಕೇಳಿದರೂ ಆದೀತು.