ಅಂಚೆಯಲ್ಲಿ ಬೆಳೆದ ವಿಜ್ಞಾನ

ವಿಜ್ಞಾನವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಪ್ರಯೋಗಶಾಲೆ. ಅಲ್ಲಿಯ ಗಾಜಿನ ನಳಿಗೆಗಳು, ತಕ್ಕಡಿ, ಸೂಕ್ಷ್ಮದರ್ಶಕ. ಆದರೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಎಂದರೆ 1837ರಿಂದ 1901ರ ವರೆಗೆ, ಇವೆಲ್ಲಕ್ಕಿಂತಲೂ ಅಗ್ಗವಾದ, ಆದರೆ ಇವಾವುದಕ್ಕೂ ಕಡಮೆಯಲ್ಲದ ಇನ್ನೊಂದು ಸಾಧನವು ವಿಜ್ಞಾನಿಗಳ ಕೈಯಲ್ಲಿದ್ದಿತು. ಅದು ಅಂಚೆಗೆ ಹಾಕುವ ಕಾಗದ.

ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದಿತು. ನಮ್ಮ ದೇಶದಲ್ಲಿ 1854ರಲ್ಲಿ, ದೂರವೆಷ್ಟೇ ಇರಲಿ, ಹಗುರವಾದ ಕಾಗದಕ್ಕೆ ಅರ್ಧಾಣೆಯೆಂದು ಗೊತ್ತಾಯಿತು. ಸೂಯೆಜ್ ಕಾಲುವೆ ತೆರೆದುದು 1869ರಲ್ಲಿ. ಅದಕ್ಕೆ ಮೊದಲು ಇಂಡಿಯಾದ ಟಪಾಲು ಈಜಿಪ್ಟಿನ ನೆಲವನ್ನು ದಾಟಿ, ಮತ್ತೆ ಹಡಗನ್ನೇರಿ, ತಿಂಗಳಿಗೆ ಮೇಲ್ಪಟ್ಟು ಪ್ರಯಾಣ ಮಾಡಬೇಕಾಗಿದ್ದಿತು. ಒಂದು ಪ್ರಶ್ನೆಗೆ ಉತ್ತರ ಬರಲು ಒಂದು ಋತುವೇ ಕಳೆಯುತ್ತಿದ್ದಿತು. ಆದರೂ ಜನ ಬರೆದರು, ಕಾದರು, ಮತ್ತೆ ಬರೆದರು.

ಹೀಗೆ ಬರೆದವರಲ್ಲಿ ಅಗ್ರಗಣ್ಯನು ಚಾರ್ಲ್ಸ್ ಡಾರ್ವಿನ್. ತಾರುಣ್ಯದಲ್ಲಿ ಭೂಮಂಡಲವನ್ನು ಸುತ್ತಿಬಂದ ಈತನು ಆಮೇಲೆ ಅನಾರೋಗ್ಯದಿಂದ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯ ತನ್ನ ಮನೆಯನ್ನು ಬಿಟ್ಟು ಹೊರಟುದೇ ವಿರಳ. ತಾನು ಹೋಗಲಾರದ ಕಡೆಗೆಲ್ಲ ಕಾಗದವನ್ನು ಕಳುಹಿಸಿದನು. ಆತನು ಬರೆದ ಮತ್ತು ಆತನಿಗೆ ಬಂದ ಪತ್ರಗಳಲ್ಲಿ ಸುಮಾರು 15,000 ಇಂದಿಗೆ ತಿಳಿದುಬಂದಿವೆ. ಅವುಗಳನ್ನು ಸಂಪಾದಿಸುವ ಕಾರ್ಯವು 1974ರಲ್ಲಿ ಮೊದಲಾಗಿ, 30 ಸಂಪುಟಗಳಾಗಿ ಬೆಳೆದು, 2023ರಲ್ಲಿ ಮುಗಿಯಿತು. ಪತ್ರ ಬರೆದವರು ಸುಮಾರು 2,000 ಮಂದಿ. ಅವರಲ್ಲಿ ಪಂಡಿತರಿದ್ದಂತೆ ತೋಟಗಾರರೂ, ಪಾದ್ರಿಗಳೂ, ಪಾರಿವಾಳ ಸಾಕುವವರೂ ಇದ್ದರು.

ಈ ಪತ್ರಗಳ ಒಂದು ಎಳೆಯು ನಮ್ಮ ಕನ್ನಡ ನಾಡಿನವರೆಗೂ ಬರುತ್ತದೆ. ಅದನ್ನು ಹಿಡಿದು ನೋಡೋಣ.

1856ನೆಯ ಇಸವಿ ಜನವರಿ 23ರಂದು ಡಾರ್ವಿನ್ನನು ಮದರಾಸಿನಲ್ಲಿದ್ದ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಗೆ ಒಂದು ಕಾಗದವನ್ನು ಬರೆದನು. ಬೇಡಿದ್ದು ರತ್ನವನ್ನಲ್ಲ, ದಂತವನ್ನಲ್ಲ. ಈ ದೇಶದಲ್ಲಿ ಸಾಕುವ ಪಾರಿವಾಳ, ಕೋಳಿಗಳ ಚರ್ಮವನ್ನು! ಮದರಾಸು ಗವರ್ನರರ ಕೌನ್ಸಿಲಿನ ಸದಸ್ಯನಿಗೆ ಇಂತಹ ಕೋರಿಕೆಯೇ ಎಂದು ನಗು ಬರಬಹುದು. ಆದರೆ ಅದರ ಹಿಂದೆ ಇದ್ದ ವಿಚಾರವು ದೊಡ್ಡದು. ಬೀಸಣಿಗೆಯಂತೆ ಬಾಲವನ್ನು ಹರಡುವ ಪಾರಿವಾಳ, ಕೊರಳನ್ನು ಉಬ್ಬಿಸುವ ಪಾರಿವಾಳ, ಆಕಾಶದಲ್ಲಿ ಲಾಗ ಹಾಕುವ ಪಾರಿವಾಳ: ಇವೆಲ್ಲ ಬೇರೆ ಬೇರೆ ಮೂಲಗಳಿಂದ ಬಂದುವೋ, ಅಥವಾ ಬಂಡೆಗಳಲ್ಲಿ ಗೂಡುಕಟ್ಟುವ ಒಂದೇ ಕಾಡು ಪಾರಿವಾಳದಿಂದ ಬಂದುವೋ? ಮನುಷ್ಯನು ಆರಿಸಿ ಆರಿಸಿ ಸಾಕಿದುದರಿಂದಲೇ ಇಷ್ಟು ಭೇದಗಳು ಉಂಟಾಗಿದ್ದರೆ, ಪ್ರಕೃತಿಯು ಲಕ್ಷಾಂತರ ವರ್ಷಗಳಲ್ಲಿ ಏನನ್ನು ತಾನೆ ಮಾಡಲಾರದು? ಇಂಡಿಯಾದಲ್ಲಿ ಪಾರಿವಾಳದ ಸಾಕಣೆಯು ಬಹಳ ಹಳೆಯದು; ಅಕ್ಬರನ ಆಸ್ಥಾನದೊಡನೆ 20,000 ಪಾರಿವಾಳಗಳು ಸಾಗುತ್ತಿದ್ದುವೆಂಬುದನ್ನು ಡಾರ್ವಿನ್ನನೇ ಬರೆದಿದ್ದಾನೆ. ಆದುದರಿಂದ ಇಲ್ಲಿಯ ಸಾಕ್ಷ್ಯವಿಲ್ಲದೆ ಆತನ ವಾದವು ಪೂರ್ಣವಾಗುವಂತಿರಲಿಲ್ಲ.

ಎಲಿಯಟ್ಟನು ಚರ್ಮಗಳನ್ನು ಕಳುಹಿಸಿದನು. ಪಾರಿವಾಳಗಳನ್ನು ಕುರಿತು 1770ರಲ್ಲಿ ಪಾರಸಿಯಲ್ಲಿ ರಚಿತವಾಗಿದ್ದ ಒಂದು ಗ್ರಂಥದ ಭಾಷಾಂತರವನ್ನೂ ಒದಗಿಸಿಕೊಟ್ಟನು. 1859ರಲ್ಲಿ ಪ್ರಕಟವಾದ ಡಾರ್ವಿನ್ನನ ಪ್ರಸಿದ್ಧ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿಯೇ ಈ ಉಪಕಾರದ ಸ್ಮರಣೆಯುಂಟು.

ಈ ಎಲಿಯಟ್ಟನು ಯಾರು? ಧಾರವಾಡದ ಕಡೆಯವರಿಗೆ ಆತನ ಹೆಸರು ಬೇರೊಂದು ಕಾರಣದಿಂದ ಪರಿಚಿತ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆಯು ಮಡಿದಾಗ, ರಾಣಿ ಚೆನ್ನಮ್ಮನವರ ಕಡೆಯವರಿಗೆ ಸೆರೆಸಿಕ್ಕಿದ ಇಬ್ಬರು ಅಧಿಕಾರಿಗಳಲ್ಲಿ ಇಪ್ಪತ್ತೊಂದು ವರ್ಷದ ಈ ತರುಣನೊಬ್ಬನು. ಬಿಡುಗಡೆಯಾದ ಮೇಲೆ ಆತನು ಅದೇ ಸೀಮೆಯಲ್ಲಿ 1833ರ ವರೆಗೆ ಇದ್ದನು. ಕನ್ನಡವನ್ನು ಕಲಿತನು. ಊರೂರಿನ ಕಲ್ಲುಗಳಲ್ಲಿದ್ದ ಶಾಸನಗಳಿಗೆ ಪ್ರತಿ ಮಾಡಿಸಿ, 595 ಶಾಸನಗಳ ಸಂಗ್ರಹವನ್ನು ಸಿದ್ಧಪಡಿಸಿದನು. ಚಾಲುಕ್ಯರ ಚರಿತ್ರೆಯನ್ನು ಬರೆದ ಫ್ಲೀಟ್ ಮೊದಲಾದವರಿಗೆ ಅದು ಬುತ್ತಿಯಾಯಿತು.

ಇದರ ಜೊತೆಗೆ ಆತನು ಆ ಸೀಮೆಯ ಪ್ರಾಣಿಗಳ ಪಟ್ಟಿಯೊಂದನ್ನು ಮಾಡಿ 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಅದರಲ್ಲಿ ಇಲಿಗಳ ಪ್ರಕರಣವು ಕೇಳತಕ್ಕದ್ದು. 1826ರಲ್ಲಿ ಮುಂಗಾರು ಮೊದಲಿಗೇ ಕೊರೆಯಾಯಿತು. ಮಳೆ ಸರಿಯಾಗಿ ಬಿದ್ದಿದ್ದರೆ ಎರೆಭೂಮಿಯ ಬಿರುಕುಗಳು ಮುಚ್ಚಿಕೊಂಡು, ಅವುಗಳಲ್ಲಿ ಸೇರಿದ್ದ ಇಲಿಗಳು ಎಷ್ಟೋ ಸಾಯುತ್ತಿದ್ದುವು. ಆ ವರ್ಷ ಹಾಗಾಗಲಿಲ್ಲ. ಇಲಿಗಳು ಮಿತಿಮೀರಿ ಹೆಚ್ಚಿ ಬಿತ್ತಿದ ಬೀಜವನ್ನು ತಿಂದುವು. ಉಳಿದ ಜೋಳದ ದಂಟನ್ನು ಏರಿ ತೆನೆಯನ್ನು ಕತ್ತರಿಸಿದುವು. ರೈತರು ಕಂದಾಯ ಕಟ್ಟಲಾರದೆ ಹೋದರು. ಕೆರೆ ತೋಡುವ ವಡ್ಡರನ್ನು ಕರೆದು, ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಗೊತ್ತುಮಾಡಿದರು. ಸಾವಿರಗಟ್ಟಲೆ ಕೊಂದರೂ ಇಲಿಗಳು ಕಡಮೆಯಾದಂತೆ ಕಾಣಲಿಲ್ಲ.

ವಡ್ಡರು ಈ ಇಲಿಗೆ ಮೆಟ್ಟಾಡವೆಂದು ಹೇಳುತ್ತಿದ್ದರು. ಪೊದೆಗಳಲ್ಲಿ ಇರುವ ಇನ್ನೊಂದು ಇಲಿಯು ಕನ್ನಡದಲ್ಲಿ ಗುಲಂದಿ. ಎಲಿಯಟ್ಟನು ಆ ಹೆಸರುಗಳನ್ನು ಹಾಗೆಯೇ ಬರೆದುಕೊಂಡನು. ಲಂಡನ್ನಿನಲ್ಲಿ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞನು 1837ರಲ್ಲಿ ಶಾಸ್ತ್ರೀಯ ನಾಮಕರಣ ಮಾಡುವಾಗ ಗುಲಂದಿಯು ‘ಗೋಲುಂಡ’ ಆಯಿತು. ಮೆಟ್ಟಾಡವು ‘ಮೆಲ್ಟಾಡ’ ಆಯಿತು. ಈಗಲೂ ಲೋಕದ ಪ್ರಾಣಿಶಾಸ್ತ್ರಜ್ಞರೆಲ್ಲರೂ ಆ ಇಲಿಗಳನ್ನು ಈ ಹೆಸರುಗಳಿಂದಲೇ ಕರೆಯಬೇಕು. ಗೋಲುಂಡಕ್ಕೆ ‘ಎಲಿಯಟಿ’ ಎಂಬ ವಿಶೇಷಣವೂ ಸೇರಿ, ಸಾಹೇಬನ ಹೆಸರೂ ಉಳಿಯಿತು. ಆ ಶಬ್ದವನ್ನು ಹೇಳಿಕೊಟ್ಟವನ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಇಲ್ಲಿ ನಾವು ನಿಂತು ಯೋಚಿಸಬೇಕಾದ ಸಂಗತಿಯೊಂದುಂಟು. ಈ ಪತ್ರವ್ಯವಹಾರದಲ್ಲಿ ನ್ಯಾಯದ ದೃಷ್ಟಿಯು ಇರಲಿಲ್ಲವೆಂದು ಹೇಳಲಾಗದು. 1858ರ ಜೂನ್ ತಿಂಗಳಲ್ಲಿ ಮಲಯ ದ್ವೀಪಗಳಿಂದ ವಾಲೆಸ್ಸನ ಕಾಗದವು ಡಾರ್ವಿನ್ನನ ಕೈಗೆ ಬಂದಿತು. ಇಪ್ಪತ್ತು ವರ್ಷಗಳಿಂದ ತಾನು ಬಚ್ಚಿಟ್ಟುಕೊಂಡು ಬೆಳೆಸಿದ ಸಿದ್ಧಾಂತವೇ ಅದರಲ್ಲಿ ಇದ್ದಿತು! ಡಾರ್ವಿನ್ನನು ಆ ಕಾಗದವನ್ನು ಮರೆಮಾಡದೆ ಮಿತ್ರರಿಗೆ ಕಳುಹಿಸಿದನು. ಜುಲೈ 1ರಂದು ಲಂಡನ್ನಿನ ಲಿನೇಯನ್ ಸಂಘದಲ್ಲಿ ಇಬ್ಬರ ಬರೆಹಗಳೂ ಒಟ್ಟಿಗೆ ಓದಲ್ಪಟ್ಟುವು. ವಾಲೆಸ್ಸನು ಹಿಂದೆ 1855ರಲ್ಲಿ ಬರೆದಿದ್ದ ಲೇಖನವನ್ನು ಗಮನಿಸಬೇಕೆಂದು ಕಲ್ಕತ್ತೆಯ ವಸ್ತುಸಂಗ್ರಹಾಲಯದ ಎಡ್ವರ್ಡ್ ಬ್ಲೈಥನು ಅದೇ ವರ್ಷದ ಡಿಸೆಂಬರಿನಲ್ಲಿಯೇ ಡಾರ್ವಿನ್ನನಿಗೆ ಬರೆದಿದ್ದನು. ಅಂಚೆಯು ಹೀಗೆ ಒಬ್ಬರ ಪಾಲನ್ನು ಇನ್ನೊಬ್ಬರು ಕಸಿಯದಂತೆ ಸಾಕ್ಷಿಯಾಗಿಯೂ ನಿಂತಿತು.

ಆದರೆ ಈ ನ್ಯಾಯವೆಲ್ಲ ಬರೆಯಬಲ್ಲವರಿಗೆ. ಕಾಗದ ಬರೆದವನು ಚರಿತ್ರೆಯಲ್ಲಿ ಉಳಿದನು. ಬಾಯಲ್ಲಿ ಹೇಳಿದವನು ಅಳಿದನು. ಎಲಿಯಟ್ಟನು ದುಷ್ಟನಾಗಿದ್ದುದರಿಂದ ಹೀಗಾಯಿತೆಂದಲ್ಲ. ಕಂಡುದನ್ನು ಕೇಳಿದುದನ್ನು ಶ್ರದ್ಧೆಯಿಂದ ಬರೆದಿಟ್ಟನೆಂಬುದೇ ಆತನ ಹಿರಿಮೆ. ಅಷ್ಟು ಶ್ರದ್ಧೆಯನ್ನು ನಮ್ಮ ವಿದ್ಯಾವಂತರು ತೋರಿದ್ದೇವೆಯೇ ಎಂಬುದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಬದನಗುಪ್ಪೆಯೆಂಬ ಊರಿದೆ. ಅಂತಹ ಊರಿನ ಬೇಸಾಯಗಾರನು ತನ್ನ ಹೊಲಕ್ಕೆ ಬರುವ ಇಲಿಯ, ಹಕ್ಕಿಯ, ಹುಳುವಿನ ಬಗೆಯನ್ನು ಬಲ್ಲನು. ಯಾವುದು ಯಾವ ಮಳೆಗೆ ಹೆಚ್ಚುವುದು, ಯಾವುದಕ್ಕೆ ಅಡಗುವುದು ಎಂಬುದನ್ನು ಬಲ್ಲನು. ನಾವಾದರೋ ಆ ಪ್ರಾಣಿಗಳ ಲ್ಯಾಟಿನ್ ಹೆಸರುಗಳನ್ನು ಕಾಲೇಜಿನಲ್ಲಿ ಉರುಹೊಡೆಯುತ್ತೇವೆ; ಅವುಗಳೊಳಗೆ ನಮ್ಮ ಮಾತೇ ಅಡಗಿ ಕುಳಿತಿದ್ದರೂ ಗುರುತಿಸಲಾರೆವು.

ಇದಕ್ಕೆ ಪರಿಹಾರವು ಕಷ್ಟವಾದುದಲ್ಲ. ಪ್ರಯೋಗಶಾಲೆ ಬೇಡ, ಹಣವೂ ಹೆಚ್ಚು ಬೇಡ. ಹಳ್ಳಿಗೆ ಹೋದಾಗ ಒಂದು ಪ್ರಾಣಿಯ ಹೆಸರನ್ನು, ಅದರ ನಡೆಯನ್ನು ಕೇಳಿ ತಿಳಿದು, ದಿನ, ಸ್ಥಳಗಳೊಡನೆ ಕನ್ನಡದಲ್ಲಿ ಬರೆದಿಡಬಹುದು. ತಿಳಿದವರೊಬ್ಬರಿಗೆ ಅದನ್ನು ಕಳುಹಿಸಬಹುದು. ಬರೆಯುವಾಗ ಒಂದು ನಿಯಮವನ್ನು ಪಾಲಿಸಿದರೆ ಸಾಕು: ಹೇಳಿದವರ ಹೆಸರನ್ನು, ಅವರು ಒಪ್ಪಿದರೆ, ಮೊದಲು ಬರೆಯತಕ್ಕದ್ದು, ನಮ್ಮ ಹೆಸರನ್ನು ಆಮೇಲೆ.